ಎರಡು ಶೋ ಆಯಿತು, ಇನ್ನೇನು ಮಾಡಲಿ? ಹೊಸ ನಿರ್ದೇಶಕನ ಪ್ರಶ್ನೆಗೆ ಅನುಭವಸ್ಥರ ಉತ್ತರಗಳು

ಪ್ರಶ್ನೆ (ದಾವಣಗೆರೆ ಕಡೆಯಿಂದ):

ವಯಸ್ಸು 27. ಒಂದು ವರ್ಷದ ರಂಗ ಡಿಪ್ಲೊಮಾ ಆಗಿದೆ. ಎರಡು ವರ್ಷ ಬೇರೆಯವರ ನಾಟಕಗಳಿಗೆ ಸಹಾಯಕನಾಗಿ ಓಡಾಡಿದೆ. ಕಳೆದ ವರ್ಷ ಸ್ವಂತವಾಗಿ ಒಂದು ನಾಟಕ ಮಾಡಿಸಿದೆ. ಎರಡು ಶೋ ಆಯಿತು, ಎಲ್ಲರೂ ಚೆನ್ನಾಗಿದೆ ಅಂದರು, ಅಲ್ಲಿಗೆ ಮುಗಿಯಿತು. ಮನೆಯಲ್ಲಿ ಬಿ.ಎಡ್. ಮಾಡು ಅನ್ನುತ್ತಿದ್ದಾರೆ. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಗೆ (ಎನ್‌ಎಸ್‌ಡಿ) ಪ್ರಯತ್ನ ಮಾಡಲಾ, ಬೆಂಗಳೂರಿಗೆ ಹೋಗಲಾ, ಇಲ್ಲೇ ಇರಲಾ? ಈ ದಾರಿಯಲ್ಲಿ ನಡೆದವರು ಹೇಳಿ. ಧೈರ್ಯದ ಮಾತು ಬೇಡ, ಲೆಕ್ಕ ಹೇಳಿ.

ಮೈಸೂರಿನಿಂದ, 20 ವರ್ಷದಿಂದ ನಾಟಕ ಮಾಡಿಸುತ್ತಿರುವವರು:

ಲೆಕ್ಕ ಕೇಳಿದ್ದು ಒಳ್ಳೆಯದಾಯಿತು. ನನ್ನ ಮೊದಲ ನಾಟಕದ ಲೆಕ್ಕದ ಪುಸ್ತಕ ಇನ್ನೂ ಇದೆ. ಹದಿನಾಲ್ಕು ಜನ ನಟರು, ಎರಡು ಅಂತಸ್ತಿನ ಮರದ ಸೆಟ್ಟು. ಖರ್ಚು 71 ಸಾವಿರ, ಟಿಕೆಟ್ಟಿನಿಂದ ಬಂದದ್ದು 19 ಸಾವಿರ. ಎರಡು ಶೋ. ಆಮೇಲೆ ಆ ಸೆಟ್ಟು ಒಂದು ಮಳೆಗಾಲ ಪೂರ್ತಿ ಗೆಳೆಯನ ಮನೆ ತಾರಸಿಯ ಮೇಲೆ ನೆನೆಯಿತು. ಕೊನೆಗೆ ಅವರ ಬಚ್ಚಲ ಒಲೆಗೆ ಹೋಯಿತು. ಅವನ ತಾಯಿ ಈಗಲೂ ಸಿಕ್ಕಾಗ, 'ನಿನ್ನ ನಾಟಕದಲ್ಲಿ ಮೂರು ತಿಂಗಳು ನೀರು ಕಾಯಿಸಿದೆವು ಕಣಪ್ಪ' ಅನ್ನುತ್ತಾರೆ.

ಮೊದಲ ಶೋಗೆ ನೆಂಟರು ಬರುತ್ತಾರೆ. ಎರಡನೆಯದಕ್ಕೆ ನಟರ ಗೆಳೆಯರು. ಮೂರನೆಯದಕ್ಕೆ ಬರುವವರು ನಿಮ್ಮ ಯಾರೂ ಅಲ್ಲ. ಅವರೇ ಪ್ರೇಕ್ಷಕರು. ನಮ್ಮ ಹವ್ಯಾಸಿ ತಂಡಗಳ ಬಹಳಷ್ಟು ನಾಟಕಗಳು ಆ ಮೂರನೆಯ ಶೋ ನೋಡುವುದೇ ಇಲ್ಲ.

ಹಾಗಾಗಿ ಎರಡನೆಯ ನಾಟಕಕ್ಕೆ ಮೊದಲು ವಾಹನ ನೋಡಿದೆ, ಆಮೇಲೆ ನಾಟಕ ಹುಡುಕಿದೆ. ನಗಬೇಡಿ. ಐದು ಜನ ನಟರು, ಎರಡು ಟ್ರಂಕು, ಒಂದು ಬೆಂಚು. ಎಲ್ಲಾ ಸೇರಿ ಒಂದೇ ಟೆಂಪೋ ಟ್ರಾವೆಲರಿನಲ್ಲಿ ಹಿಡಿಯಬೇಕು ಅನ್ನುವುದೇ ಷರತ್ತು. ಮೂರು ವರ್ಷದಲ್ಲಿ 38 ಶೋ ಆಯಿತು. ಕಾಲೇಜು, ಮಠ, ಕಲ್ಯಾಣ ಮಂಟಪ, ಒಂದು ಸಲ ಅಡಿಕೆ ಮಂಡಿಯ ಅಂಗಳ. ಸಂಭಾವನೆ 8 ಸಾವಿರದಿಂದ 20 ಸಾವಿರದವರೆಗೆ. ಎರಡು ಕಡೆ ಊಟ ಮಾತ್ರ. ಇನ್ನೊಂದು ಕಡೆ ಕೊಡುತ್ತೇವೆ ಅಂದ ದುಡ್ಡು ಇವತ್ತಿಗೂ ಬಂದಿಲ್ಲ.

ನನಗೆ ನಿರ್ದೇಶನ ಬಂದದ್ದೂ ಆ ಓಡಾಟದಲ್ಲೇ. ಹನ್ನೊಂದನೆಯ ಶೋ ಮಾತು ಮಾರ್ದನಿಸುವ ಒಂದು ಸಭಾಂಗಣದಲ್ಲಿ ನಡೆಯಿತು. ಎರಡನೆಯ ದೃಶ್ಯದಲ್ಲಿ ಒಬ್ಬರು ಕೆಮ್ಮಿದರು, ಇನ್ನೊಬ್ಬರು ಕೆಮ್ಮಿದರು, ಮೂರನೆಯವರು ಫೋನು ತೆಗೆದರು. ಆ ಹಿಂದಿನ ಹತ್ತು ಶೋಗಳಲ್ಲೂ ಅದೇ ಜಾಗದಲ್ಲಿ ಜನ ಕೆಮ್ಮಿದ್ದರು! ನಾನು ಧೂಳು ಅಂದುಕೊಂಡಿದ್ದೆ. ಏಳು ನಿಮಿಷ ಕತ್ತರಿಸಿದೆ, ಕೆಮ್ಮು ನಿಂತಿತು. ಇದು ಯಾವ ತಾಲೀಮಿನಲ್ಲೂ ಗೊತ್ತಾಗುವುದಿಲ್ಲ.

ಹೆಗ್ಗೋಡಿನ ರಂಗಸಂಸ್ಥೆ ನೀನಾಸಂ 1985ರಲ್ಲಿ ಊರೂರು ಸುತ್ತಿ ನಾಟಕ ಆಡುವ ತನ್ನ ತಂಡ 'ತಿರುಗಾಟ' ಶುರು ಮಾಡಿದ್ದು ಇಂಥ ಓಡಾಟವನ್ನೇ ನಂಬಿ. ಸಾಣೇಹಳ್ಳಿಯ ಶಿವಸಂಚಾರವೂ ಹಾಗೆಯೇ, ನಿಮಗೆ ಹತ್ತಿರವೂ ಹೌದು. ನಿರ್ದೇಶಕನಾಗಿಯೇ ಕರೆಯಲಿ ಅಂತ ಕಾಯಬೇಡಿ. ನಟನಾಗಿಯೋ ಸೆಟ್ಟು ಕಟ್ಟುವವನಾಗಿಯೋ ಒಂದು ಸುತ್ತು ಹೋಗಿಬನ್ನಿ. ದಿನಕ್ಕೊಂದು ಊರಿನ ರಂಗಕ್ಕೆ ಅದೇ ನಾಟಕವನ್ನು ಹೊಂದಿಸುವುದು ದೊಡ್ಡ ಪಾಠ.

ಇನ್ನೊಂದು, ಹಕ್ಕಿನ ವಿಷಯ. ನಾಟಕಕಾರ ತೀರಿಕೊಂಡ ವರ್ಷದ ನಂತರ 60 ವರ್ಷ ಹಕ್ಕು ವಾರಸುದಾರರದ್ದು. ಸಂಸ 1939ರಲ್ಲಿ, ಕೈಲಾಸಂ 1946ರಲ್ಲಿ ಹೋದರು, ಅವರ ನಾಟಕ ಯಾರು ಬೇಕಾದರೂ ಆಡಬಹುದು. ಶ್ರೀರಂಗರು ಹೋದದ್ದು 1984ರಲ್ಲಿ, ಅನುಮತಿ ಬೇಕು. ಅನುವಾದದಲ್ಲಿ ಎಲ್ಲರೂ ಎಡವುತ್ತಾರೆ. ಶೇಕ್ಸ್‌ಪಿಯರ್ ಯಾರ ಆಸ್ತಿಯೂ ಅಲ್ಲ, ಆದರೆ ಅವನನ್ನು ಕನ್ನಡಕ್ಕೆ ತಂದವರ ಮಾತು ಅವರದ್ದು. ನಾನು ಬಾಯಿಮಾತಿನ ಒಪ್ಪಿಗೆ ನಂಬಿ ಬ್ರೋಷರ್ ಅಚ್ಚು ಹಾಕಿಸಿ, ಶೋಗೆ ನಾಲ್ಕು ದಿನ ಇರುವಾಗ ಕೈಕಟ್ಟಿ ನಿಂತಿದ್ದೇನೆ. ಕಾಗದದ ಮೇಲೆ ಬರೆಸಿಕೊಳ್ಳಿ.

ಹರಿಹರದಿಂದ, ಬೆಳಕಿನ ಕೆಲಸದವರು:

ನಾನು ಲೈಟಿನವನು, ನನ್ನ ಕಡೆಯಿಂದ ಎರಡೇ ಮಾತು. ಹೊಸ ನಿರ್ದೇಶಕರು ನಮಗೆ ನಾಟಕ ತೋರಿಸುವುದು ಶೋ ದಿನ ಮಧ್ಯಾಹ್ನ. ಆಮೇಲೆ 'ಅಣ್ಣಾ, ಇಲ್ಲಿ ಸ್ವಲ್ಪ ಮೂಡ್ ಕೊಡಿ' ಅನ್ನುತ್ತಾರೆ. ಮೂಡ್ ಅನ್ನುವ ಬಣ್ಣದ ಜೆಲ್ ಹಾಳೆ ನನ್ನ ಪೆಟ್ಟಿಗೆಯಲ್ಲಿ ಇಲ್ಲ. ವಾರ ಮುಂಚೆ ಒಂದು ರನ್ ಥ್ರೂ, ಅಂದರೆ ನಿಲ್ಲಿಸದೆ ಪೂರ್ತಿ ನಾಟಕ, ತೋರಿಸಿ, ಅರ್ಧ ಸಾಮಾನಿನಲ್ಲಿ ಕೆಲಸ ಆಗುತ್ತದೆ. ಎರಡನೆಯದು, ನಾಲ್ಕು ಲೈಟಿನಲ್ಲಿ ನಿಲ್ಲುವ ನಾಟಕ ಮಾಡಿ. ಹಳ್ಳಿಯಲ್ಲಿ ಐದನೆಯದನ್ನು ಹಾಕಿದರೆ ಫ್ಯೂಸ್ ಹೋಗುತ್ತದೆ.

ಧಾರವಾಡದಿಂದ, ಶಾಲೆಯಲ್ಲಿ ನಾಟಕ ಕಲಿಸುವವರು:

ತಮ್ಮಾ, ಬಿ.ಎಡ್. ಅಂದ ಕೂಡಲೇ ಮುಖ ಗಂಟು ಹಾಕಬೇಡ. ಬಿ.ವಿ. ಕಾರಂತರು ಎನ್‌ಎಸ್‌ಡಿ ಮುಗಿಸಿದ್ದು 1962ರಲ್ಲಿ. ಆಮೇಲೆ ದೆಹಲಿಯ ಒಂದು ಶಾಲೆಯಲ್ಲಿ ಮಕ್ಕಳಿಗೆ ನಾಟಕ ಹೇಳಿಕೊಟ್ಟರು. 1977ರಲ್ಲಿ ತಾವು ಕಲಿತ ಎನ್‌ಎಸ್‌ಡಿಗೇ ನಿರ್ದೇಶಕರಾದರು. ಶಾಲೆ ಅವರನ್ನೇನೂ ಕೆಡಿಸಲಿಲ್ಲ ಅಲ್ವಾ?

ನನ್ನ ವರ್ಷ ಹೀಗೆ ನಡೆಯುತ್ತದೆ. ಏಪ್ರಿಲ್, ಮೇ ಬೇಸಿಗೆ ಶಿಬಿರ. ಜೂನ್‌ನಿಂದ ಶಾಲೆ. ನವೆಂಬರ್‌ನಿಂದ ವಾರ್ಷಿಕೋತ್ಸವದ ಗಲಾಟೆ. ನಡುವೆ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಸಂಜೆಗಳು ನನ್ನವು, ಆಗ ದೊಡ್ಡವರ ಒಂದು ನಾಟಕ. ಸಂಬಳ ಜಾಸ್ತಿ ಇಲ್ಲ, ಆದರೆ ಬಾಡಿಗೆಗಾಗಿ ನಾಟಕ ಮಾಡಿಸಬೇಕಾಗಿಲ್ಲ. ಒಪ್ಪಿಗೆಯಾಗದ ಕೆಲಸಕ್ಕೆ ಬೇಡ ಅನ್ನಬಹುದು. ನಲವತ್ತು ಮಕ್ಕಳನ್ನು ರಂಗದ ಮೇಲೆ ನಿಲ್ಲಿಸಿ ಒಂದೂ ಇನ್ನೊಂದಕ್ಕೆ ಡಿಕ್ಕಿ ಹೊಡೆಯದಂತೆ ನೋಡಿಕೊಂಡವನಿಗೆ ಯಾವ ಗುಂಪಿನ ದೃಶ್ಯವೂ ಹೆದರಿಕೆಯಲ್ಲ.

ಒಂದು ಮಾತು ನೆನಪಾಯಿತು. ಮಂಡ್ಯ, ತುಮಕೂರು ಕಡೆಯ ಪೌರಾಣಿಕ ನಾಟಕಗಳಲ್ಲಿ ಪಾತ್ರ ಮಾಡುವವರೇ ದುಡ್ಡು ಹಾಕುತ್ತಾರೆ. ಕೃಷ್ಣನಿಗೆ ಇಷ್ಟು, ದುರ್ಯೋಧನನಿಗೆ ಇಷ್ಟು. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಊರಲ್ಲೇ ಇದ್ದು ಹಾಡು, ಮಾತು, ನಡಿಗೆ ಎಲ್ಲಾ ಕಲಿಸುತ್ತಾರೆ, ದುಡ್ಡು ಎಣಿಸಿಕೊಂಡು ಮುಂದಿನ ಊರಿಗೆ ಹೋಗುತ್ತಾರೆ. ಅವರಿಗೆ ಯಾರೂ ನಿರ್ದೇಶಕ ಅನ್ನುವುದಿಲ್ಲ. ಆದರೆ ನಮ್ಮಲ್ಲಿ ನಿರ್ದೇಶನದಿಂದಲೇ ಸಂಸಾರ ಸಾಗಿಸುವವರು ಅಂದರೆ ನನಗೆ ಮೊದಲು ನೆನಪಾಗುವುದು ಅವರೇ. ಒಂದು ತಿಂಗಳು ಅಂಥವರ ಪಕ್ಕ ಕುಳಿತು ನೋಡು.

ಬೆಂಗಳೂರಿನಿಂದ, ನಿರ್ದೇಶಕಿ:

ಮೇಲಿನವರ ಮಾತಿಗೆ ಅರ್ಧ ಒಪ್ಪಿಗೆ. ಊರಲ್ಲೇ ಇರು ಅನ್ನುವುದು ಗಂಡಸರಿಗೆ ಸುಲಭ. ನನ್ನ ಊರಲ್ಲಿ ರಾತ್ರಿ ಹತ್ತಕ್ಕೆ ತಾಲೀಮು ಮುಗಿಸಿ ಬಂದರೆ ಬೀದಿಗೆ ಬೀದಿಯೇ ಮಾತಾಡುತ್ತಿತ್ತು. ಅದಕ್ಕೇ ಬೆಂಗಳೂರಿಗೆ ಬಂದೆ. ಇಲ್ಲಿಯೂ ಮೊದಲ ನಾಟಕದ ದಿನ, ಗಂಟೆಗಟ್ಟಲೆ ನಾನೇ ಏಣಿ ಹಿಡಿದು ನಿಂತಿದ್ದರೂ ಸಭಾಂಗಣದವರೊಬ್ಬರು ಬಂದು 'ಮೇಡಂ, ನಿರ್ದೇಶಕರು ಎಷ್ಟೊತ್ತಿಗೆ ಬರ್ತಾರೆ?' ಅಂದರು. ಊಟ ಮಾಡಿ ಬರ್ತಾರೆ ಅಂದೆ. ಹೋಗಿ ಊಟ ಮಾಡಿ ಬಂದೆ.

ಬೆಂಗಳೂರಿನಲ್ಲಿ ನೋಡಲು ಸಿಗುತ್ತದೆ, ಅದು ದೊಡ್ಡ ಲಾಭ. 2004ರಲ್ಲಿ ಶುರುವಾದ ರಂಗಶಂಕರದಲ್ಲಿ ಸೋಮವಾರ ಬಿಟ್ಟು ಹೆಚ್ಚುಕಡಿಮೆ ದಿನವೂ ನಾಟಕ. ಏಳೂವರೆ ಅಂದರೆ ಏಳೂವರೆ, ತಡವಾದರೆ ಒಳಗೆ ಬಿಡುವುದಿಲ್ಲ. ಆದರೆ ತಾಲೀಮಿಗೆ ಜಾಗ ಮತ್ತು ನಟರ ಸಮಯ, ಈ ಎರಡೂ ಇಲ್ಲಿ ದುಬಾರಿ. ನನ್ನ ನಟರೆಲ್ಲಾ ಕೆಲಸಕ್ಕೆ ಹೋಗುವವರು, ಏಳರ ಮುಂಚೆ ಯಾರೂ ಸಿಗುವುದಿಲ್ಲ. ಐವತ್ತು ದಿನದ ತಾಲೀಮಿನಲ್ಲಿ ಎಲ್ಲರೂ ಒಟ್ಟಿಗೆ ಇದ್ದದ್ದು ಒಂಬತ್ತು ದಿನ. ಲೆಕ್ಕ ಬೇಕು ಅಂದಿರಲ್ಲ, ಇದೂ ಲೆಕ್ಕವೇ.

ಎನ್‌ಎಸ್‌ಡಿಗೆ ಎರಡು ಸಲ ಪ್ರಯತ್ನಿಸಿದೆ. ಎರಡನೆಯ ಸಲ ದೆಹಲಿಯ ಕೊನೆಯ ವರ್ಕ್‌ಶಾಪಿನವರೆಗೆ ಹೋಗಿ ಬಂದೆ. ಮೂರು ವರ್ಷ ಬೇರೇನೂ ಯೋಚಿಸದೆ ನಾಟಕದಲ್ಲೇ ಇರುವ ಅವಕಾಶ ಅದು. ಸಿಕ್ಕರೆ ಬಿಡಬೇಡಿ, ಅದಕ್ಕಾಗಿ ಕಾಯಲೂಬೇಡಿ. ಕೇಂದ್ರ ಸಂಸ್ಕೃತಿ ಸಚಿವಾಲಯದ ಯುವ ಕಲಾವಿದರ ವಿದ್ಯಾರ್ಥಿವೇತನ 25 ವರ್ಷದವರೆಗೆ, ಅದು ನಿಮಗೆ ದಾಟಿತು. 25ರಿಂದ 40ರವರಿಗೆ ಜೂನಿಯರ್ ಫೆಲೋಶಿಪ್ ಇದೆ, ತಿಂಗಳಿಗೆ 10,000 ರೂಪಾಯಿ, ಎರಡು ವರ್ಷ. ಆದರೆ ಅದು ಅಧ್ಯಯನಕ್ಕೆ, ನಾಟಕ ಮಾಡಿಸಲು ಅಲ್ಲ. ಹಾರ್ಮೋನಿಯಂ ಮೇಷ್ಟ್ರ ವಿಷಯ ಬಂತಲ್ಲ, ಅದನ್ನೇ ಹಿಡಿದು ಒಂದು ಅರ್ಜಿ ಬರೆಯಿರಿ. ನಾನು ಬರೆಯಬೇಕಿತ್ತು ಅನ್ನಿಸುತ್ತಿದೆ.

ಮತ್ತೆ, ಪ್ರತಿ ಶೋದ ಒಳ್ಳೆಯ ವಿಡಿಯೊ ಮಾಡಿಸಿಡಿ. ಉತ್ಸವಗಳಿಗೆ ಆಯ್ಕೆ ಮಾಡುವವರು ನಿಮ್ಮ ಊರಿಗೆ ಬರುವುದಿಲ್ಲ, ವಿಡಿಯೊ ನೋಡುತ್ತಾರೆ. ನನ್ನ ಮೊದಲ ನಾಟಕದ ವಿಡಿಯೊದಲ್ಲಿ ಮುಂದಿನ ಸಾಲಿನವರ ತಲೆ ಮಾತ್ರ ಚೆನ್ನಾಗಿ ಬಂದಿದೆ.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ಧನ್ಯವಾದ. ನಿನ್ನೆ ರಾತ್ರಿ ನನ್ನ ನಾಟಕದ ಪ್ರತಿ ಹಿಡಿದು ಕುಳಿತೆ. ಹನ್ನೊಂದು ಪಾತ್ರವನ್ನು ಆರು ಜನರಲ್ಲಿ ಆಡಿಸಬಹುದು. ನಾಟಕಕಾರರಿಗೆ ಫೋನ್ ಮಾಡಿದೆ, ಆರು ಜನ ಸಾಕು ಅಂದರು, ಅನುಮತಿ ಪತ್ರವನ್ನೂ ಕಳಿಸುತ್ತಾರಂತೆ. ನಾನು ಓದಿದ ಕಾಲೇಜಿನಲ್ಲಿ ಮೂರನೆಯ ಶೋ ಕೇಳಿದ್ದೇನೆ, ಮುಂದಿನ ತಿಂಗಳು ನೋಡೋಣ ಅಂದಿದ್ದಾರೆ. ಬಿ.ಎಡ್. ಅರ್ಜಿ ತಂದು ಮನೆಯಲ್ಲಿ ಇಟ್ಟಿದ್ದೇನೆ, ಇನ್ನೂ ತುಂಬಿಲ್ಲ.

ಹರಿಹರದ ಲೈಟಿನವರು:

ದಿನ ಗೊತ್ತಾದರೆ ಹೇಳಿ. ನಾಲ್ಕು ಪಾರ್ ಲೈಟು ನನ್ನ ಹತ್ತಿರವೇ ಇವೆ, ಡೀಸೆಲ್ ದುಡ್ಡು ಕೊಟ್ಟರೆ ಸಾಕು. ರನ್ ಥ್ರೂ ಮಾತ್ರ ಮುಂಚೆಯೇ ತೋರಿಸಬೇಕು.