ಪನಾಮಾ ಕಾಲುವೆಯ ಕುಲೆಬ್ರಾ ಸೀಳು: ಶೊವೆಲ್ ಲೆಕ್ಕ ತಾಳೆಯಾಗುತ್ತಿಲ್ಲ, ತಳ ಮೇಲೆದ್ದದ್ದೂ ಅರ್ಥವಾಗುತ್ತಿಲ್ಲ

ಕಟ್ಟೆಕಾಲುವೆ:
ಗಂಬೋವಾದಿಂದ ಪೆಡ್ರೊ ಮಿಗೆಲ್‌ವರೆಗೆ ಗುಡ್ಡ ಸೀಳಿದ ಸುಮಾರು 9 ಮೈಲಿಯ ಲೆಕ್ಕ ಹಾಕುತ್ತಿದ್ದೇನೆ. ಎರಡು ಕಡೆ ಸಿಕ್ಕಿಕೊಂಡಿದ್ದೇನೆ.

95 ಟನ್ನಿನ ಬುಸೈರಸ್ ಸ್ಟೀಮ್ ಶೊವೆಲ್‌ನ (ಹಬೆಯಿಂದ ನಡೆಯುವ ಅಗೆಯುವ ಯಂತ್ರ) ಬಕೆಟ್ 5 ಘನ ಗಜದ್ದು. ನಿಮಿಷಕ್ಕೆ ಎರಡು ಬಕೆಟ್ ಹಿಡಿದರೂ 8 ಗಂಟೆಗೆ 4,800 ಘನ ಗಜ ಆಗಬೇಕು. ಆದರೆ ಅತಿ ಹೆಚ್ಚು ಅಗೆದ 1909ರ ಮಾರ್ಚ್‌ನಲ್ಲೇ 68 ಶೊವೆಲ್ ಸೇರಿ ತೆಗೆದದ್ದು 20 ಲಕ್ಷ ಘನ ಗಜಕ್ಕಿಂತ ತುಸು ಹೆಚ್ಚು. 26 ದಿನ ಹಿಡಿದರೆ ಶೊವೆಲ್ ಒಂದಕ್ಕೆ ದಿನಕ್ಕೆ 1,150ರ ಆಸುಪಾಸು. ಉಳಿದ ಹೊತ್ತು ಎಲ್ಲಿ ಹೋಯಿತು?

ಇನ್ನೊಂದು, ಅಗೆದು ಮಟ್ಟ ಮಾಡಿದ ತಳ ಮತ್ತೆ 15ರಿಂದ 30 ಅಡಿ ಮೇಲೆದ್ದಿತ್ತು. ಗುಡ್ಡ ಕುಸಿದರೆ ಮಣ್ಣು ಮೇಲಿಂದ ಬೀಳಬೇಕು. ಕೆಳಗಿಂದ ಬಂದದ್ದು ಹೇಗೆ?

ಹಳಿಗುಂಟ:
ಮೊದಲ ಪ್ರಶ್ನೆಗೆ ಉತ್ತರ ಶೊವೆಲ್‌ನಲ್ಲಿಲ್ಲ, ಹಳಿಯ ಮೇಲಿದೆ. ಎಲ್ಲ ಶೊವೆಲ್ 95 ಟನ್ನಿನವಲ್ಲ, 70 ಟನ್ ಮತ್ತು 45 ಟನ್ನಿನವೂ ಇದ್ದವು, ಹಾಗಾಗಿ ನಿಮ್ಮ 5 ಘನ ಗಜವನ್ನು ಸ್ವಲ್ಪ ಇಳಿಸಿ. ಆದರೂ ಮುಖ್ಯ ಕಾರಣ ಅದಲ್ಲ.

ಶೊವೆಲ್ ಮೇಲೆ ಇಬ್ಬರ ಕೈ ಕೂಡಿ ನಡೆಯಬೇಕು. ಒಳಗೆ ನಿಂತವನು ಬಕೆಟ್ ಎತ್ತುತ್ತಾನೆ, ಬೂಮ್ (ಮುಂದಕ್ಕೆ ಚಾಚಿದ ತೊಲೆ) ತಿರುಗಿಸುತ್ತಾನೆ. ಬೂಮ್ ಮೇಲೆ ನಿಂತವನು ಬಕೆಟ್ಟಿನ ತೋಳನ್ನು ದಿಬ್ಬದೊಳಕ್ಕೆ ನೂಕುತ್ತಾನೆ, ವ್ಯಾಗನ್ ಮೇಲೆ ಬಂದ ಕೂಡಲೇ ಹಗ್ಗ ಎಳೆದು ಬಕೆಟ್ಟಿನ ತಳದ ಬಾಗಿಲು ಬಿಡುತ್ತಾನೆ. ಬೇಗ ಬಿಟ್ಟರೆ ಕಲ್ಲು ಹಳಿಯ ಮೇಲೆ ಬಿದ್ದು ರೈಲೇ ನಿಲ್ಲುತ್ತದೆ. ಎಟುಕುವಷ್ಟು ತೆಗೆದಾದ ಮೇಲೆ ಶೊವೆಲ್ ಮುಂದಕ್ಕೆ ಸರಿಯಬೇಕು. ಆಗ ಕೆಳಗಿನ ಆಳುಗಳು ನೆಲ ಸಮ ಮಾಡಿ, ಹಿಂದಿನ ಹಳಿಯ ತುಂಡು ಕಿತ್ತು ಮುಂದೆ ಹಾಸುತ್ತಾರೆ. ಅಷ್ಟು ಹೊತ್ತು ಅಗೆತವಿಲ್ಲ. ಈ ಆಳುಗಳಲ್ಲಿ ಹೆಚ್ಚಿನವರು ಬಾರ್ಬಡೋಸ್ ಮುಂತಾದ ಕೆರಿಬಿಯನ್ ದ್ವೀಪಗಳ ಕಪ್ಪುಜನ. ಸಂಬಳದ ಪಟ್ಟಿಯಲ್ಲಿ ಅವರು ‘ಬೆಳ್ಳಿ’ಯವರು, ಯಂತ್ರ ನಡೆಸುವ ಅಮೆರಿಕನ್ನರು ‘ಚಿನ್ನ’ದವರು. ದಿಬ್ಬ ಜಾರಿದರೆ ಮೊದಲು ಸಿಕ್ಕುತ್ತಿದ್ದವರು ಈ ಬೆಳ್ಳಿಯವರೇ. ಕಾಲುವೆಯ ಲೆಕ್ಕ ಬರೆಯುವಾಗ ಇದನ್ನು ಬಿಡಬಾರದು.

ಇನ್ನು ವ್ಯಾಗನ್. ಒಂದು ಬದಿಗೆ ಮಾತ್ರ ಗೋಡೆಯಿದ್ದ ಲಿಜರ್‌ವುಡ್ ಚಪ್ಪಟೆ ವ್ಯಾಗನ್‌ಗೆ ನಾಲ್ಕೈದು ಬಕೆಟ್ ಸಾಕು. 20 ವ್ಯಾಗನ್ನಿನ ರೈಲು ಎಂದರೆ 400 ಘನ ಗಜದ ಹತ್ತಿರ. ನಿಮ್ಮ 1,150 ಎಂದರೆ ದಿನಕ್ಕೆ ಮೂರೇ ರೈಲು! ಮುಂದಿನ ಖಾಲಿ ರೈಲು ಬರುವವರೆಗೆ ಶೊವೆಲ್ ಸುಮ್ಮನೆ ಹಬೆ ಬಿಡುತ್ತಾ ನಿಲ್ಲುತ್ತದೆ. 1905ರಲ್ಲಿ ಮುಖ್ಯ ಎಂಜಿನಿಯರ್ ಜಾನ್ ಸ್ಟೀವನ್ಸ್ ಬಂದ ಕೂಡಲೇ ಅಗೆತ ನಿಲ್ಲಿಸಿದ್ದು ಇದಕ್ಕೇ. ಒಂದು ಕಡೆ ಊರುಗಳಲ್ಲಿ ಜ್ವರ ಹರಡುವ ಸೊಳ್ಳೆಯ ನಿರ್ಮೂಲನ, ಇನ್ನೊಂದು ಕಡೆ ರೈಲುದಾರಿಗೆ ಭಾರದ ಹಳಿ. ಇವೆರಡೂ ಆಗದೆ ಅಗೆದರೆ ಆಳುಗಳು ಉಳಿಯುವುದು ಹೇಗೆ, ಮಣ್ಣು ಹಾಕುವುದೆಲ್ಲಿಗೆ ಎನ್ನುವುದು ಅವರ ವಾದ.

ಸುರಿಯುವ ಕಡೆಯೂ ನೋಡಿ. ವ್ಯಾಗನ್‌ಗಳ ನಡುವಿನ ಸಂದಿಗೆ ಉಕ್ಕಿನ ತಗಡು ಮುಚ್ಚಿರುತ್ತಾರೆ. ಹಿಂದಿನ ಕೊನೆಯಲ್ಲಿ ಸುಮಾರು 3 ಟನ್ನಿನ ಓರೆ ನೇಗಿಲು. ಎಂಜಿನ್ನಿನಿಂದಲೇ ಹಬೆ ಪಡೆಯುವ ವಿಂಚ್ ಉಕ್ಕಿನ ಹಗ್ಗ ಸುತ್ತುತ್ತಾ ಹೋದಂತೆ ನೇಗಿಲು ಇಡೀ ರೈಲಿನ ಮೇಲೆ ಹರಿದು ಮಣ್ಣನ್ನೆಲ್ಲ ಪಕ್ಕಕ್ಕೆ ತಳ್ಳುತ್ತದೆ. 20 ವ್ಯಾಗನ್ ಖಾಲಿಯಾಗಲು ಹತ್ತೇ ನಿಮಿಷ. ಆಮೇಲೆ ಹರಡುವ ಯಂತ್ರ ಬಂದು ರಾಶಿ ಸಮ ಮಾಡುತ್ತದೆ. ಅಂಚು ತುಂಬಿತೆಂದರೆ ಬಿಯರ್ಡ್ ಎಂಬವರು ರೂಪಿಸಿದ ಯಂತ್ರ ಹಳಿಯನ್ನು ಸ್ಲೀಪರ್ ಸಮೇತ ಎತ್ತಿ ಪಕ್ಕಕ್ಕೆ ಇಡುತ್ತದೆ. ನೂರಾರು ಆಳುಗಳ ಕೆಲಸವನ್ನು ಹತ್ತು ಹನ್ನೆರಡು ಜನ ಮಾಡಿದ್ದು ಹೀಗೆ.

ಮಣ್ಣುಪದರ:
ಎರಡನೆಯದಕ್ಕೆ ನಾನು. ಅಲ್ಲಿ ಎರಡು ಬಗೆಯ ಕುಸಿತವಿತ್ತು, ಎರಡನ್ನೂ ಒಂದೇ ಎಂದುಕೊಂಡರೆ ಗೊಂದಲ ಆಗುತ್ತದೆ.

ಸೀಳಿನ ಪಕ್ಕದ ಕುಕರಾಚಾ ಎಂಬ ಜಾಗದ್ದು ನೇರ ಜಾರುವಿಕೆ. ಇಳಿಜಾರಾದ ಗಟ್ಟಿ ಪದರದ ಮೇಲೆ ಜೇಡಿ ಕೂತಿರುತ್ತದೆ, ಮಳೆನೀರು ಇಳಿದು ಆ ಮೈ ಸೋಪಿನಂತಾಗುತ್ತದೆ. 1907ರ ಅಕ್ಟೋಬರಿನ ಮಳೆಗೆ ಅದು ದಿನಕ್ಕೆ ಸುಮಾರು 14 ಅಡಿಯಂತೆ ತೆವಳಿ ಹಳಿ, ಶೊವೆಲ್ ಎಲ್ಲವನ್ನೂ ಮುಚ್ಚಿತು.

ನೀವು ಕೇಳಿದ್ದು ಎರಡನೆಯ ಬಗೆ, ಕುಲೆಬ್ರಾ ಊರಿನ ಪಕ್ಕದ್ದು. ಅಲ್ಲಿ ಮೇಲೆ ಭಾರದ ಕಲ್ಲು, ಕೆಳಗೆ ಮೆತ್ತನೆಯ ಜೇಡಿಗಲ್ಲು. ಸೀಳು ಆಳವಾದಂತೆ ಪಕ್ಕದಿಂದ ಒತ್ತಿ ಹಿಡಿದಿದ್ದ ಮಣ್ಣು ಹೋಯಿತು, ದಡದ ಭಾರ ಮಾತ್ರ ಹಾಗೇ ಉಳಿಯಿತು. ಕಲಸಿದ ಹಿಟ್ಟಿನ ಮುದ್ದೆಯ ಒಂದು ಬದಿಯನ್ನು ಅಂಗೈಯಿಂದ ಒತ್ತಿ ನೋಡಿ, ಇನ್ನೊಂದು ಬದಿ ಉಬ್ಬುತ್ತದೆ. ಆ ಜೇಡಿಗಲ್ಲು ಹಾಗೆಯೇ ಹಿಸುಕಿಕೊಂಡು ಭಾರವಿಲ್ಲದ ಕಡೆಗೆ, ಅಂದರೆ ತಳದಲ್ಲಿ ಮೇಲಕ್ಕೆ, ಬಂತು. ದಡದ ಮೇಲೆ ದೂರದಲ್ಲಿ ಬಿರುಕು ಕಂಡಿತೆಂದರೆ ಅದು ಮುನ್ಸೂಚನೆ. ಕೆಲವು ಬಿರುಕುಗಳಲ್ಲಿ ಹಬೆಯೂ ಬಂದು ಜ್ವಾಲಾಮುಖಿಯೇನೋ ಎಂದು ಜನ ಹೆದರಿದ್ದರು. ಕಲ್ಲಿನಲ್ಲಿದ್ದ ಪೈರೈಟ್ (ಕಬ್ಬಿಣ, ಗಂಧಕ ಸೇರಿದ ಖನಿಜ) ಗಾಳಿ ಸೋಕಿ ಬಿಸಿಯಾದದ್ದು, ಅಷ್ಟೇ.

ಇಲ್ಲಿ ಒಂದು ತಪ್ಪು ಸುಲಭವಾಗಿ ಆಗುತ್ತದೆ. ಉಬ್ಬಿದ ತಳವನ್ನಷ್ಟೇ ಕೆರೆದು ತೆಗೆದರೆ ದಡಕ್ಕಿದ್ದ ಆಸರೆ ಇನ್ನೂ ಹೋಗಿ ಮತ್ತೆ ಉಬ್ಬುತ್ತದೆ. ಭಾರ ಇಳಿಸಬೇಕಾದದ್ದು ಮೇಲೆ. ಅದಕ್ಕೇ ಶೊವೆಲ್‌ಗಳನ್ನು ದಡದ ನೆತ್ತಿಗೆ ಹತ್ತಿಸಿ ಮೆಟ್ಟಿಲು ಮೆಟ್ಟಿಲಾಗಿ ಕಡಿದರು. ಕಲ್ಲಿನ ಮೈಗೆ ಕಾಂಕ್ರೀಟ್ ಬಳಿದೂ ನೋಡಿದರು. ಒಳಗಿನ ಕಲ್ಲೇ ಸರಿಯುವಾಗ ಮೇಲಿನ ಲೇಪ ಏನು ಮಾಡೀತು, ಉದುರಿಹೋಯಿತು.

ಕಟ್ಟೆಕಾಲುವೆ:
ಇಬ್ಬರಿಗೂ ವಂದನೆಗಳು, ಲೆಕ್ಕ ಈಗ ಕೂಡಿಬಂತು. ಮಳೆನೀರು ಇಷ್ಟು ಕೆಡಕು ಮಾಡುವುದಾದರೆ, 1913ರಲ್ಲಿ ಅವರೇ ಸೀಳಿಗೆ ನೀರು ಬಿಟ್ಟದ್ದು ಯಾಕೆ? ಕುಕರಾಚಾ ಮಣ್ಣು ಇನ್ನೂ ಅಡ್ಡ ಬಿದ್ದಿತ್ತಲ್ಲ.

ಮಣ್ಣುಪದರ:
ಮಣ್ಣಿನೊಳಗೆ ಇಂಗುವ ನೀರು ಬೇರೆ, ಸೀಳಿನಲ್ಲಿ ನಿಂತ ನೀರು ಬೇರೆ. ಇಂಗಿದ್ದು ಜೇಡಿಯ ಹಿಡಿತ ಸಡಿಲಿಸುತ್ತದೆ. ನಿಂತದ್ದು ದಡದ ಬುಡವನ್ನು ಸ್ವಲ್ಪವಾದರೂ ಹಿಂದಕ್ಕೆ ಒತ್ತುತ್ತದೆ.

ಹಳಿಗುಂಟ:
ಕೆಲಸದ ದೃಷ್ಟಿಯಿಂದಲೂ ಅದೇ ಸರಿ. 1913ರ ಮೇ 20ರಂದು 222 ಮತ್ತು 230ನೇ ನಂಬರಿನ ಶೊವೆಲ್‌ಗಳು ತಳಮಟ್ಟದಲ್ಲಿ ಎದುರುಬದುರಾದವು, ಅಂದರೆ ಒಣ ಅಗೆತದ ಮುಖ್ಯ ಕೆಲಸ ಮುಗಿದಿತ್ತು. ಉಳಿದದ್ದು ಜಾರಿ ಬರುತ್ತಲೇ ಇದ್ದ ಕೆಸರು. ಅದಕ್ಕೆ ಹಳಿ ಹಾಸಿದರೆ ನಾಳೆ ಅದೇ ಹಳಿ ಮಣ್ಣಿನಡಿ. ತೇಲುವ ಡ್ರೆಜರ್‌ಗೆ ಹಳಿಯೇ ಬೇಡ, ದಡ ಜಾರಿದರೆ ಹಿಂದೆ ಸರಿದು ನಿಂತು ಮತ್ತೆ ಬಂದು ತೋಡುತ್ತದೆ. ಹಾಗಾಗಿ ಅಕ್ಟೋಬರ್ 10ರಂದು, ಸೀಳಿಗೆ ನೀರು ಬರದಂತೆ ತಡೆದಿದ್ದ ಗಂಬೋವಾ ಒಡ್ಡು ಸಿಡಿಸಿದರು. ಅಧ್ಯಕ್ಷ ವಿಲ್ಸನ್ ವಾಷಿಂಗ್ಟನ್‌ನಿಂದಲೇ ಗುಂಡಿ ಒತ್ತಿದ್ದು. 1914ರ ಆಗಸ್ಟ್ 15ಕ್ಕೆ ಆಂಕನ್ ಹಡಗು ದಾಟಿತು.

ನಿಮ್ಮ ಲೆಕ್ಕವನ್ನು ಮಾತ್ರ ಅಲ್ಲಿಗೆ ನಿಲ್ಲಿಸಬೇಡಿ. 1915ರ ಸೆಪ್ಟೆಂಬರಿನಲ್ಲಿ ಕುಲೆಬ್ರಾದ ಎರಡೂ ದಡ ಕುಸಿದು 1916ರ ಏಪ್ರಿಲ್‌ವರೆಗೆ ಕಾಲುವೆ ಮುಚ್ಚಿತ್ತು. ಆಗ ಡ್ರೆಜರ್ ತೆಗೆದದ್ದನ್ನೂ ಸೇರಿಸಿ.