ಬಡಾವಣೆಯಲ್ಲಿ ಎಲೆಕ್ಟ್ರಿಕ್ ಗಾಡಿ ಮೇಳ ಮಾಡ್ಬೇಕು, ಹಿಂದೆ ಮಾಡಿದವರು ಹೇಳಿ

ಪ್ರಶ್ನೆ (ಕುವೆಂಪುನಗರ, ಮೈಸೂರು)

ನಮಸ್ಕಾರ. ನಮ್ಮ ನಿವಾಸಿಗಳ ಸಂಘದಿಂದ ಫೆಬ್ರುವರಿಯ ಒಂದು ಭಾನುವಾರ ಬೆಳಿಗ್ಗೆ ಎಲೆಕ್ಟ್ರಿಕ್ ಗಾಡಿ, ಚಾವಣಿ ಸೋಲಾರ್ ಬಗ್ಗೆ ಒಂದು ಮೇಳ ಇಟ್ಟುಕೊಳ್ಳೋಣ ಅಂತಿದ್ದೀವಿ. ಪ್ರವೇಶ ಉಚಿತ, ಮಾರಾಟ ಇಲ್ಲ. ಸಂಘದ ಹತ್ತಿರ ಇರೋ ದುಡ್ಡು ಶಾಮಿಯಾನ, ಕುರ್ಚಿ, ಮೈಕಿಗೆ ಸರಿಹೋಗುತ್ತೆ, ಅಷ್ಟೆ. ಒಂದು ಶೋರೂಮಿನವರು "ಖರ್ಚೆಲ್ಲ ನಮ್ದು, ನೀವು ಜನ ಸೇರಿಸಿ" ಅಂತಿದ್ದಾರೆ. ಒಪ್ಪಬಹುದಾ? ಬಂದ ಜನ ನಿಜವಾಗಿ ಏನು ಕೇಳ್ತಾರೆ? ಏನಿಟ್ಟರೆ ಉಪಯೋಗ, ಏನು ದಂಡ? ಅನುಭವ ಇದ್ದವರು ದಯವಿಟ್ಟು ಬರೆಯಿರಿ.

ಸರಸ್ವತಿಪುರಂನಿಂದ, ಸ್ಕೂಟರ್ ಓಡಿಸೋರು

ಶೋರೂಮಿನವರ ದುಡ್ಡು ಬೇಡ. ನಮ್ಮ ಕಡೆ ಒಂದು ಮೇಳ ಹಾಗೇ ನಡೀತು. ಹತ್ತು ಗಂಟೆ ಹೊತ್ತಿಗೆ ಮೈದಾನದ ತುಂಬ ಬಲೂನು, ಲಕ್ಕಿ ಡ್ರಾ, ಫೋನ್ ನಂಬರ್ ಬರೆಸಿಕೊಳ್ಳೋ ಹುಡುಗರು. ಬಂದವರು ಒಂದು ಸುತ್ತು ಹಾಕಿ ಕೀಚೈನ್ ಇಸ್ಕೊಂಡು ಹೊರಟರು. ಆಮೇಲೆ ಅವರಿಗೆಲ್ಲ ವಾರಗಟ್ಟಲೆ ಫೋನು, "ಮೇಡಂ, ಯಾವಾಗ ಬುಕ್ ಮಾಡ್ತೀರ?"

ಮುಂದಿನ ಸಲ ಗಾಡಿ ಮಾರೋರನ್ನ ಬಿಟ್ಟು, ಗಾಡಿ ಇಟ್ಟುಕೊಂಡೋರನ್ನ ಕರೆದ್ವಿ. ಪ್ರತಿ ಗಾಡಿ ಮುಂದೆ ಒಂದು ರಟ್ಟು. ಅದರ ಮೇಲೆ ಮಾರ್ಕರಿನಲ್ಲಿ: ಯಾವ ವರ್ಷ ತಗೊಂಡಿದ್ದು, ಎಷ್ಟು ಕಿಲೋಮೀಟರ್ ಓಡಿದೆ, ಕಂಪನಿ ಹೇಳಿದ ರೇಂಜ್ ಎಷ್ಟು, ನಿಜಕ್ಕೂ ಬರೋದೆಷ್ಟು, ಏನೇನು ಕೆಟ್ಟಿದೆ. ಜನ ನಿಂತು ಓದಿದ್ದು ಆ ಕೊನೇ ಸಾಲನ್ನ. "ಸರ್ವಿಸ್‌ಗೆ ಬಿಟ್ಟು ವಾಪಸ್ ಬರೋಕೆ ಹದಿನೈದು ದಿನ ಆಯ್ತು" ಅಂತ ಒಬ್ಬರು ಬರೆದಿದ್ರು. ಅವರ ಸುತ್ತಲೇ ದೊಡ್ಡ ಗುಂಪು. ಬೈಯ್ಕೊಂಡೇ "ಆದ್ರೂ ಮಾರಲ್ಲ ಬಿಡಿ" ಅಂದಾಗ ಕೇಳಿದವರು ನಂಬಿದ್ರು. ಅದೇ ಮಾತು ಶೋರೂಮಿನ ಹುಡುಗ ಹೇಳಿದ್ರೆ ಯಾರು ನಂಬ್ತಾರೆ?

ನನ್ನ ಗಾಡಿ ಹತ್ತಿರ ಬಂದ ಹೆಂಗಸರು ಹೆಚ್ಚಾಗಿ ಕೇಳಿದ್ದು, "ಮನೇಲಿ ಚಾರ್ಜ್ ಹಾಕಿದ್ರೆ ಗೃಹಜ್ಯೋತಿ ಹೋಗುತ್ತಾ?" ಇದರ ಲೆಕ್ಕವನ್ನ ದೊಡ್ಡ ಅಕ್ಷರದಲ್ಲಿ ಬರೆದು ತೂಗುಹಾಕಿ. ದಿನಕ್ಕೆ 30 ಕಿ.ಮೀ. ಓಡಿಸಿದ್ರೆ ಸ್ಕೂಟರಿಗೆ ಹೆಚ್ಚೂಕಮ್ಮಿ ಒಂದೂಕಾಲು ಯೂನಿಟ್, ಅಂದ್ರೆ ತಿಂಗಳಿಗೆ 35ರಿಂದ 40. ಗೃಹಜ್ಯೋತಿಯಲ್ಲಿ ಉಚಿತ ಸಿಗೋದು ನಿಮ್ಮ ಮನೆಯ 2022-23ರ ಸರಾಸರಿ, ಅದರ ಮೇಲೆ ಶೇ. 10. ಅದನ್ನ ದಾಟಿದ ಯೂನಿಟ್ಟಿಗೆ ದುಡ್ಡು ಕಟ್ಟಬೇಕು, ಒಟ್ಟು 200 ದಾಟಿದ್ರೆ ಪೂರ್ತಿ ಬಿಲ್ಲು. ತಿಂಗಳಿಗೆ 100 ಯೂನಿಟ್ ಉರಿಸೋ ಮನೆಗೆ ಇದು ದೊಡ್ಡ ವಿಷಯವಲ್ಲ. 180 ಉರಿಸೋ ಮನೆಗೆ ಸ್ಕೂಟರ್ ಬಂದ ತಿಂಗಳೇ ಸೊನ್ನೆ ಬಿಲ್ಲು ಮರೀಬೇಕು. ಆ ಬಿಲ್ಲಿನ ಪಕ್ಕದಲ್ಲಿ ಪೆಟ್ರೋಲ್ ಲೆಕ್ಕನೂ ಬರೀರಿ, ಅದೇ 30 ಕಿ.ಮೀ.ಗೆ ಪೆಟ್ರೋಲ್ ಸ್ಕೂಟರ್ ಅರ್ಧ ಲೀಟರಿಗಿಂತ ಜಾಸ್ತಿನೇ ಕುಡಿಯುತ್ತೆ. ಎರಡನ್ನೂ ನೋಡಿ ಅವರವರೇ ತೀರ್ಮಾನ ಮಾಡ್ಕೊಳ್ಳಲಿ.

ನಿವೃತ್ತ ಲೈನ್‌ಮನ್, ಹೆಬ್ಬಾಳ

ಸ್ವಾಮಿ, ಮೊದಲು ಕರೆಂಟ್ ಎಲ್ಲಿಂದ ತಗೋತೀರಿ ಅಂತ ಯೋಚನೆ ಮಾಡಿ. ಪಾರ್ಕಿನ ದೀಪದ ಕಂಬದಿಂದ ವೈರ್ ಎಳೆಯೋ ಬುದ್ಧಿವಂತರು ಎಲ್ಲ ಸಂಘದಲ್ಲೂ ಒಬ್ಬರಿರ್ತಾರೆ, ಅವರ ಕೈಗೆ ಇದನ್ನ ಕೊಡಬೇಡಿ. ಚೆಸ್ಕಾಂನಲ್ಲಿ ತಾತ್ಕಾಲಿಕ ಸಂಪರ್ಕಕ್ಕೆ ಅರ್ಜಿ ಹಾಕಿ, ಪಾರ್ಕಿಗೆ ಪಾಲಿಕೆ ಅನುಮತಿ, ಮೈಕಿಗೆ ಪೊಲೀಸ್ ಅನುಮತಿ. ಚಾರ್ಜಿಂಗ್ ತೋರಿಸೋದಾದ್ರೆ ಅರ್ತಿಂಗ್ ಸರಿಯಾಗಿರೋ 16 ಆಂಪಿಯರ್ ಸಾಕೆಟ್ ಬೇಕು. ಮಿಕ್ಸಿಗೆ ಹಾಕೋ ಎಕ್ಸ್‌ಟೆನ್ಷನ್ ಬಾಕ್ಸಿಗೆ ಗಾಡಿ ಸಿಕ್ಕಿಸಬಾರದು. ಮನೆಯಲ್ಲೂ ಅಷ್ಟೇ ಅಂತ ಅಲ್ಲೇ ತೋರಿಸಿ ಹೇಳಿ. ಬಿಸಿಲಲ್ಲಿ ಓಡಿಸಿಕೊಂಡು ಬಂದ ಗಾಡಿಯನ್ನ ಒಂದರ್ಧ ಗಂಟೆ ನೆರಳಲ್ಲಿ ಆರಲು ಬಿಟ್ಟು ಚಾರ್ಜ್ ಹಾಕಿ.

ಸೋಲಾರ್ ವಿಚಾರದಲ್ಲಿ ಒಂದು ಜಗಳ ಗ್ಯಾರಂಟಿ ಬರುತ್ತೆ. "ಮನೆ ಮೇಲೆ ಲಕ್ಷ ಲಕ್ಷ ಸುರಿದು ಪ್ಯಾನೆಲ್ ಹಾಕಿಸಿದೀನಿ, ಕರೆಂಟ್ ಹೋದ್ರೆ ನಮ್ಮನೇದೂ ಹೋಗುತ್ತಲ್ರೀ, ಇದೆಂಥಾ ಮೋಸ?" ಇದು ಮೋಸ ಅಲ್ಲ. ಬ್ಯಾಟರಿ ಇಲ್ಲದ ಗ್ರಿಡ್ ಸೋಲಾರಿನಲ್ಲಿ, ಅಂದ್ರೆ ಬೀದಿ ಲೈನಿಗೆ ಜೋಡಿಸಿದ್ದರಲ್ಲಿ, ಲೈನ್ ಆಫ್ ಆದ ತಕ್ಷಣ ಪ್ಯಾನೆಲ್ಲಿನ ಕರೆಂಟನ್ನ ಮನೆಗೆ ಬೇಕಾದಂಗೆ ಬದಲಾಯಿಸೋ ಇನ್ವರ್ಟರ್ ತಾನಾಗಿ ನಿಲ್ಲಬೇಕು. ಇಲ್ಲದಿದ್ರೆ ನಿಮ್ಮ ಚಾವಣಿಯ ಕರೆಂಟು ತಂತಿಗೆ ವಾಪಸ್ ಹರಿಯುತ್ತೆ, ಲೈನ್ ಆಫ್ ಆಗಿದೆ ಅಂತ ನಂಬಿ ಕಂಬ ಹತ್ತಿದ ನನ್ನಂಥವನು ಅಲ್ಲೇ ಉಳೀತಾನೆ. ಇದನ್ನ ಹೇಳೋಕೆ ಕೆಲಸದಲ್ಲಿರೋ ಒಬ್ಬ ಲೈನ್‌ಮನ್ನನ್ನೇ ಕರೆಸಿ, ಭಾಷಣಕ್ಕೆ ಸಾಹೇಬರು ಬೇಡ.

ಲೆಕ್ಕ ಕೇಳಿದವರಿಗೆ: 1 ಕಿಲೋವ್ಯಾಟಿಗೆ ಸುಮಾರು 100 ಚದರಡಿ ನೆರಳಿಲ್ಲದ ಚಾವಣಿ, ಒಳ್ಳೆ ಬಿಸಿಲಿದ್ದ ದಿನ 4 ಯೂನಿಟ್. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 1 ಕಿಲೋವ್ಯಾಟಿಗೆ 30,000, 2ಕ್ಕೆ 60,000, 3 ಅಥವಾ ಅದರ ಮೇಲಕ್ಕೆ 78,000 ರೂಪಾಯಿ ಸಹಾಯಧನ ಇಟ್ಟಿದ್ದಾರೆ. ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ಲು ಬರೋ ಮನೆಯವರಿಗೆ ಸೋಲಾರ್ ಹಾಕಿಸಿ ಅಂತ ಒತ್ತಾಯ ಮಾಡಬೇಡಿ, ಅವರಿಗೆ ಸದ್ಯಕ್ಕೆ ಗಿಟ್ಟೋದಿಲ್ಲ. ತಿಂಗಳಿಗೆ 300 ದಾಟೋರ ಜೊತೆ ಕೂತು ಮಾತಾಡಿ.

ಮದ್ದೂರು ಕಡೆಯ ರೈತ

ಅಣ್ಣಾ, ಕುವೆಂಪುನಗರದಲ್ಲಿ ಎಂಗೋ ಗೊತ್ತಿಲ್ಲ. ನಮ್ ಕಡೆ ಕಾರು ಸಾಲಾಗಿ ನಿಲ್ಲುಸುದ್ರೆ ಜನ ದೂರ್ದಿಂದ ನೋಡ್ಬುಟ್ಟು ಒಯ್ತರೆ, ಅತ್ರಕ್ಕೆ ಬರಕಿಲ್ಲ. ನಮ್ಮೂರ್ ಅತ್ರ ಸಂತೆ ದಿನ ಇಂಗೇ ಒಂದ್ ಮಾಡುದ್ರು. ಜನ ಮುತ್ಕಂಡಿದ್ದು ಎಳನೀರ್ ತುಂಬ್ಕಂಡ್ ನಿಂತಿದ್ ಎಲೆಕ್ಟ್ರಿಕ್ ಲಗೇಜ್ ಆಟೋನ. "ಲೋಡ್ ಆಕುದ್ರೆ ಏರು ಅತ್ತದಾ? ಮಳೇಲಿ ನೀರ್ ನುಗ್ಗುದ್ರೆ ಏನ್ ಗತಿ?" ಅಂತ ಬಿಡ್ದಂಗೆ ಕೇಳಿದ್ರು, ಆಟೋದವ್ನೂ ಮುಚ್ಚುಮರೆ ಇಲ್ದೆ ಏಳ್ದ.

ಇನ್ನೊಂದು ಸೋಲಾರ್ ಪಂಪು. ನಮ್ಗೆ ತ್ರೀ ಫೇಸ್ ಬರದೇ ಎಷ್ಟೋ ಸಲ ರಾತ್ರಿ. ಕತ್ಲಲ್ಲಿ ಕಬ್ಬಿನ ಗದ್ದೆಗೆ ನೀರ್ ಕಟ್ಟಕ್ ಓಗೋನ್ ಕಾಲ್ ಕೆಳ್ಗೆ ಆವ್ ಅದೋ ಅಗ್ಗ ಅದೋ ಯಾವನಿಗ್ ಗೊತ್ತು? ಅಗಲೊತ್ತು ಓಡೋ ಪಂಪು ಅಂದ್ರೆ ನಮ್ಗೆ ಅದೇ ದೊಡ್ಡದು, ಪರಿಸರ ಗಿರಿಸರ ಆಮೇಕೆ. ಕುಸುಮ್ ಯೋಜನೇಲಿ ಕೇಂದ್ರ ನೂರಕ್ಕೆ 30, ರಾಜ್ಯ 50, ರೈತ 20 ಅಂತ ಬೋರ್ಡ್ ಆಕಿದ್ರು. ಅದ್ನ ವಸಿ ಬುಡಿಸಿ ಏಳೋರು ಇದ್ದಿದ್ರೆ ಇನ್ನೂ ಚೆನ್ನಾಗಿರದು. ನಿಮ್ ಪಾರ್ಕಿಗೂ ಅಳ್ಳಿಯಿಂದ ಒಬ್ಬ ಪಂಪಿನೋನ್ನ ಕರ್ಸಿ, ಸಿಟಿಯೋರಲ್ಲೂ ಊರಲ್ಲಿ ಜಮೀನ್ ಇರೋರು ಬೇಕಾದಷ್ಟ್ ಜನ ಅವ್ರೆ.

ಆಟೋ ಚಾಲಕ, ಮೈಸೂರು

ನಮ್ಮನ್ನ ಕರೀತೀರಿ ಅಂದ್ರೆ ಭಾನುವಾರ ಬೆಳಗಿನ ಬಾಡಿಗೆ ಬಿಟ್ಟು ಬರಬೇಕು ಸರ್. ಅರ್ಧ ದಿನದ ದುಡಿಮೆ ಕೊಟ್ಟು ಕರೀರಿ, ಮೇಳ ಉಚಿತ ಅಂತ ನಮ್ಮನ್ನೂ ಉಚಿತ ಮಾಡ್ಬೇಡಿ.

ಕಾಲೇಜು ಉಪನ್ಯಾಸಕಿ, ಮಂಡ್ಯ

ಯಾರಾದರೂ ಒಬ್ಬರು ಎದ್ದು ನಿಂತು "ಈ ಕರೆಂಟೂ ಕಲ್ಲಿದ್ದಲಿಂದಲೇ ತಾನೇ ಬರೋದು" ಅಂತ ಕೇಳ್ತಾರೆ. ಹಾರಿಕೆಯ ಉತ್ತರ ಕೊಡಬೇಡಿ. ರಾಯಚೂರಿನ ಕಲ್ಲಿದ್ದಲೂ ಇದೆ, ಶರಾವತಿಯ 1,035 ಮೆಗಾವ್ಯಾಟ್ ಜಲವಿದ್ಯುತ್ತೂ ಇದೆ, ಪಾವಗಡದ 2,050 ಮೆಗಾವ್ಯಾಟ್ ಸೋಲಾರೂ ಇದೆ. ರಾತ್ರಿ ಚಾರ್ಜ್ ಹಾಕುವಾಗ ಪಾವಗಡದಿಂದ ಏನೂ ಬರುವುದಿಲ್ಲ. ಅನುಕೂಲ ಇದ್ದವರು ಹಗಲು ಚಾರ್ಜ್ ಮಾಡಿದರೆ ಒಳ್ಳೆಯದು ಅಂತ ನೇರವಾಗಿ ಹೇಳಿ.

ಮಕ್ಕಳಿಗೆ ಅಂತ ನಾವು ಒಂದು ನಕಾಶೆ ಮಾಡಿಸಿದ್ದೆವು, ನಮ್ಮ ಜಿಲ್ಲೆಯ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಯವರೆಗೆ ಒಂದು ಕೆಂಪು ದಾರ. 1902ರಲ್ಲೇ ಕಾವೇರಿ ನೀರಿನ ಕರೆಂಟು ಸುಮಾರು 150 ಕಿ.ಮೀ. ಹೋಗಿತ್ತು. ಬೆಂಗಳೂರಿನ ಬೀದಿಗೆ ದೀಪ ಬಂದಿದ್ದು 1905ರಲ್ಲಿ. ಮಳವಳ್ಳಿ ಕಡೆಯ ಹಿರಿಯರೊಬ್ಬರು ಆ ದಾರ ನೋಡಿ "ನಮ್ಮೂರ ಮುಂದಿನ ಕರೆಂಟು ನಮ್ಮೂರಿಗೆ ಯಾವಾಗ ಬಂತು ಅಂತಾನೂ ಬರೀರಮ್ಮ" ಅಂದರು. ಪ್ರಶ್ನೆ ನ್ಯಾಯವಾದದ್ದೇ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಶೋರೂಮಿನವರಿಗೆ ಬೇಡ ಅಂದ್ವಿ, ಸ್ವಲ್ಪ ಮುನಿಸಿಕೊಂಡ್ರು. ಆಟೋದವರ ದುಡ್ಡು ಸಂಘದಿಂದ ಕೊಡ್ತೀವಿ. ಟೆಸ್ಟ್ ರೈಡ್ ಇಡಬಹುದಾ? ನಮ್ಮ ಹುಡುಗರು ಚಾಮುಂಡಿ ಬೆಟ್ಟ ಹತ್ತಿಸಿ ತೋರಿಸೋಣ ಅಂತ ಹಟ ಹಿಡಿದಿದ್ದಾರೆ.

ಸರಸ್ವತಿಪುರಂನಿಂದ

ಭಾನುವಾರ ಬೆಟ್ಟದ ರಸ್ತೆ ನೋಡಿದ್ದೀರಲ್ಲ, ಅಲ್ಲಿ ಹೊಸಬರ ಕೈಗೆ ಗಾಡಿ ಕೊಡೋದು ಬೇಡವೇ ಬೇಡ. ಮಾಲೀಕರೇ ಹಿಂದಿನ ದಿನ ಹತ್ತಿ ಇಳಿದು, ಬುಡದಲ್ಲಿ, ತುದಿಯಲ್ಲಿ, ವಾಪಸ್ ಬಂದ ಮೇಲೆ ಬ್ಯಾಟರಿ ಶೇಕಡಾ ಎಷ್ಟಿತ್ತು ಅಂತ ಫೋಟೋ ತೆಗೆದು ರಟ್ಟಿಗೆ ಅಂಟಿಸಲಿ. ಇಳಿಜಾರಿನಲ್ಲಿ ಸ್ವಲ್ಪ ಚಾರ್ಜ್ ವಾಪಸ್ ಬರುತ್ತೆ, ಹತ್ತುವಾಗ ಹೋದದ್ದೆಲ್ಲ ಬರಲ್ಲ. ಅದೂ ಗೊತ್ತಾಗಲಿ.

ಟೆಸ್ಟ್ ರೈಡ್ ಪಾರ್ಕ್ ಸುತ್ತ ಒಂದೇ ದಿಕ್ಕಿನಲ್ಲಿ, ಮಾಲೀಕರು ಹಿಂದೆ ಕೂತು. ಲೈಸೆನ್ಸ್ ನೋಡದೆ ಕೀ ಕೊಡಬೇಡಿ. 250 ವ್ಯಾಟ್, ಗಂಟೆಗೆ 25 ಕಿ.ಮೀ. ಒಳಗಿನ ಗಾಡಿಗೆ ಲೈಸೆನ್ಸೂ ಬೇಡ, ನೋಂದಣಿಯೂ ಬೇಡ. ಅದನ್ನ ಕೇಳಿದ ಕೂಡಲೇ ಹೈಸ್ಕೂಲ್ ಹುಡುಗರು ದೊಡ್ಡ ಸ್ಕೂಟರ್ ಮುಂದೆ ಸಾಲು ನಿಲ್ತಾರೆ. ಅದು ಬೇರೆ, ಇದು ಬೇರೆ ಅಂತ ಅಪ್ಪ ಅಮ್ಮಂದಿರಿಗೇ ಹೇಳಿ: ಅಪ್ರಾಪ್ತರು ಓಡಿಸಿ ಸಿಕ್ಕಿಬಿದ್ದರೆ ದಂಡ 25,000, ಕಟ್ಟೋದು ಅವರೇ. ಹೆಲ್ಮೆಟ್ ಬಂದವರೇ ತರಬೇಕು ಅಂತ ಕರಪತ್ರದಲ್ಲೇ ಹಾಕಿಬಿಡಿ. ಒಂದೇ ಹೆಲ್ಮೆಟ್ ಎಲ್ಲರ ತಲೆಗೂ ಹಾಕ್ತಾ ಹೋದ್ರೆ ಹೆಂಗಸರು ಯಾರೂ ಟೆಸ್ಟ್ ರೈಡಿಗೆ ಬರಲ್ಲ.