ವದಂತಿ ಹಬ್ಬಿದ ದಿನ ಮೊದಲು ಯಾರಿಗೆ ಹೇಳಬೇಕು? – ಸಂಸ್ಥೆಯ ಮಾತು, ಸಂಸ್ಥೆಯ ಹೆಸರು: ಪ್ರಶ್ನೋತ್ತರ

ಗುಂಪಿನ ನಿರ್ವಾಹಕರು: ಎಲ್ಲರಿಗೂ ನಮಸ್ಕಾರ. ಉಡುಪಿ, ಮಂಗಳೂರು ಕಡೆಯ ಸಣ್ಣ ಸಂಸ್ಥೆಗಳಲ್ಲಿ ಕೆಲಸ ಮಾಡುವ ನಮ್ಮ ಗುಂಪಿನಲ್ಲಿ ಈ ವಾರ ಪ್ರಶ್ನೆಗಳಿಗೆ ಉತ್ತರಿಸುವವರು ಮಂಗಳೂರಿನ ಒಬ್ಬ ಸಂವಹನ ಸಲಹೆಗಾರ್ತಿ. ಸೊಸೈಟಿ, ಆಸ್ಪತ್ರೆ, ಶಾಲೆಗಳ ಜೊತೆ ಕೆಲಸ ಮಾಡುವವರು. ನಿಮ್ಮ ಸಂಸ್ಥೆಯ ಹೆಸರು ಹಾಕದೆ ಪ್ರಶ್ನೆ ಕೇಳಿ.

ಪ್ರಶ್ನೆ (ಪತ್ತಿನ ಸಹಕಾರಿ ಸಂಘದ ಮ್ಯಾನೇಜರ್, ಉಡುಪಿ ಕಡೆ): ನಮಸ್ಕಾರ ಮೇಡಂ. ನಮ್ಮದು ಮೂರು ಶಾಖೆಯ ಸೊಸೈಟಿ. ನಿನ್ನೆ ರಾತ್ರಿಯಿಂದ ವಾಟ್ಸಾಪ್‌ನಲ್ಲಿ ತುಳುವಿನಲ್ಲಿ ಒಂದು ವಾಯ್ಸ್ ಮೆಸೇಜ್ ಓಡಾಡುತ್ತಾ ಉಂಟು. ನಮ್ಮ ಸೊಸೈಟಿಯಲ್ಲಿ ದುಡ್ಡಿದ್ದರೆ ನಾಳೆಯೇ ತೆಗೆಯಿರಿ ಅಂತ. ಯಾರು ಮಾಡಿದ್ದು ಗೊತ್ತಿಲ್ಲ. ಬೆಳಿಗ್ಗೆ ಬಾಗಿಲು ತೆರೆಯುವಾಗಲೇ ಜನ ನಿಂತಿದ್ದರು. ಪೇಪರಿನಲ್ಲಿ ಜಾಹೀರಾತು ಕೊಡೋಣ, ಪೊಲೀಸ್ ಕಂಪ್ಲೇಂಟ್ ಕೊಡೋಣ ಅಂತ ಅಧ್ಯಕ್ಷರು ಹೇಳ್ತಿದ್ದಾರೆ. ನಾನು ಮೊದಲು ಎಂತ ಮಾಡಬೇಕು?

ಉತ್ತರ: ನಮಸ್ಕಾರ ಸರ್. ಜಾಹೀರಾತು ನಾಳೆ ಬೆಳಿಗ್ಗೆ ಬರುತ್ತದೆ. ಜನ ಇವತ್ತು ಕೇಳುತ್ತಿದ್ದಾರೆ. ಆದ್ದರಿಂದ ಮೊದಲು ನಿಮ್ಮ ಒಳಗಿನವರನ್ನು ಸೇರಿಸಿ. ಕೌಂಟರಿನವರು, ಅಟೆಂಡರ್, ಡ್ರೈವರ್, ಎಲ್ಲಕ್ಕಿಂತ ಮುಖ್ಯವಾಗಿ ಪಿಗ್ಮಿ ಸಂಗ್ರಹಿಸುವವರು. ಅವರು ಇವತ್ತು ಪೇಟೆಗೆ ಹೊರಡುವ ಮೊದಲೇ ಈ ಮಾತು ಆಗಬೇಕು.

ಪಿಗ್ಮಿಯವರನ್ನು ಒತ್ತಿ ಹೇಳುವುದಕ್ಕೆ ಕಾರಣ ಉಂಟು. ದಿನಾ ಮನೆ, ಅಂಗಡಿ ಬಾಗಿಲಿಗೆ ಹೋಗಿ ಸಣ್ಣ ಉಳಿತಾಯ ತರುವ ಈ ಪದ್ಧತಿಯನ್ನು ನಮ್ಮೂರಿನ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಶುರು ಮಾಡಿತು. ಆಗ ದಿನಕ್ಕೆ ಎರಡಾಣೆಯಿಂದಲೂ ಕಟ್ಟಬಹುದಿತ್ತು. ಬಾಗಿಲಿಗೆ ಬರುವ ಆ ಒಬ್ಬ ಮನುಷ್ಯನ ಮುಖ ನೋಡಿಯೇ ಜನ ದುಡ್ಡು ಕೊಟ್ಟರು. ಇವತ್ತೂ ಹಾಗೇ. ನಿಮ್ಮ ಅಧ್ಯಕ್ಷರನ್ನು ಹೂವಿನ ಅಂಗಡಿಯವಳು ನೋಡಿರಲಿಕ್ಕಿಲ್ಲ. ಪಿಗ್ಮಿಯವರನ್ನು ದಿನಾ ನೋಡುತ್ತಾಳೆ. ‘ಹೌದಾ ಮಾರಾಯ್ರೆ, ಸೊಸೈಟಿ ಮುಳುಗ್ತದಂತೆ?’ ಅಂತ ಅವಳು ಕೇಳುವುದು ಅವರನ್ನೇ. ಅವರು ‘ನನಗೆ ಎಂತದೂ ಗೊತ್ತಿಲ್ಲ’ ಅಂದುಬಿಟ್ಟರೆ, ಅರ್ಧ ಪುಟ ಜಾಹೀರಾತು ಕೊಟ್ಟರೂ ಪ್ರಯೋಜನ ಇಲ್ಲ.

ಅವರಿಗೆ ಭಾಷಣ ಬೇಡ. ಮೂರು ವಿಷಯ ಕೊಡಿ: ಇವತ್ತು ದುಡ್ಡು ಕೇಳಿದವರಿಗೆ ಸಿಗುತ್ತದಾ, ಗೊತ್ತಿಲ್ಲದ ಪ್ರಶ್ನೆ ಬಂದರೆ ಯಾರ ನಂಬರ್ ಕೊಡಬೇಕು, ಮುಂದಿನ ಮಾಹಿತಿ ಯಾವಾಗ. ಅವರ ಪ್ರಶ್ನೆಗಳನ್ನೂ ಕೇಳಿ. ಅವರದೇ ಠೇವಣಿ ನಿಮ್ಮಲ್ಲಿ ಇರಬಹುದು, ಅವರಿಗೂ ಹೆದರಿಕೆ ಇರುತ್ತದೆ. ಅದನ್ನು ಅಲ್ಲೇ ತೀರಿಸಿ ಕಳಿಸಿ.

ಆಮೇಲೆ ಒಂದು ನೋಟಿಸ್. ಬಾಗಿಲಲ್ಲಿ, ಕೌಂಟರಿನಲ್ಲಿ, ವಾಟ್ಸಾಪ್‌ನಲ್ಲಿ ಒಂದೇ ಒಕ್ಕಣೆ ಇರಲಿ. ಹೀಗೆ ಬರೆಯಬಹುದು:

‘ಸದಸ್ಯರಿಗೆ – ನಮ್ಮ ಮೂರೂ ಶಾಖೆಗಳು ಇವತ್ತು ಎಂದಿನಂತೆ ತೆರೆದಿವೆ. ಉಳಿತಾಯ ಖಾತೆ, ಪಿಗ್ಮಿ, ಅವಧಿ ಮುಗಿದ ಠೇವಣಿ, ಯಾವುದನ್ನೂ ತಡೆಹಿಡಿದಿಲ್ಲ. ಅವಧಿಗೆ ಮೊದಲೇ ಠೇವಣಿ ಬೇಕಾದವರಿಗೆ ಯಾವಾಗಲೂ ಇದ್ದ ನಿಯಮವೇ ಇವತ್ತೂ ಇದೆ. ಕಳೆದ ವರ್ಷದ ಆಡಿಟ್ ವರದಿ ಕೌಂಟರಿನಲ್ಲಿದೆ, ಯಾರು ಬೇಕಾದರೂ ಕೇಳಿ ನೋಡಬಹುದು. ಮುಂದಿನ ಮಾಹಿತಿ ಸಂಜೆ 5 ಗಂಟೆಗೆ ಇದೇ ಬೋರ್ಡಿನಲ್ಲಿ.’ ಕೆಳಗೆ ಮ್ಯಾನೇಜರ್ ಹೆಸರು, ಫೋನ್ ನಂಬರ್, ಸಹಿ.

ಇದರಲ್ಲಿ ವದಂತಿಯ ಮಾತನ್ನು ಎಲ್ಲೂ ತಿರುಗಿ ಹೇಳಿಲ್ಲ, ಗಮನಿಸಿ. ‘ಸೊಸೈಟಿ ಮುಳುಗಿಲ್ಲ’ ಅಂತ ದಪ್ಪ ಅಕ್ಷರದಲ್ಲಿ ಬರೆದರೆ, ವಾಯ್ಸ್ ಮೆಸೇಜ್ ಕೇಳದವರಿಗೂ ಅದನ್ನು ನೀವೇ ಮುಟ್ಟಿಸಿದ ಹಾಗಾಗುತ್ತದೆ. ಸಂಜೆ 5 ಗಂಟೆಗೆ ಹೊಸ ವಿಷಯ ಇಲ್ಲದಿದ್ದರೂ ನೋಟಿಸ್ ಹಾಕಿ. ‘ಇವತ್ತು ಕೇಳಿದವರಿಗೆಲ್ಲ ಹಣ ಕೊಟ್ಟಿದ್ದೇವೆ’ ಅನ್ನುವ ಒಂದು ಸಾಲು ನಿಜವಾಗಿದ್ದರೆ ಅಷ್ಟೇ ಸಾಕು. ಮೆಸೇಜ್ ತುಳುವಿನಲ್ಲಿ ಬಂದಿದೆ ಅಂದಿರಿ. ಹಾಗಾದರೆ ಇದೇ ನೋಟಿಸನ್ನು ನೀವೇ ತುಳುವಿನಲ್ಲಿ ಓದಿ, ನಿಮ್ಮ ಹೆಸರು ಹೇಳಿ, ವಾಯ್ಸ್ ಮೆಸೇಜ್ ಮಾಡಿ ಕಳಿಸಿ.

ದಯವಿಟ್ಟು ‘ನಿಮ್ಮ 5 ಲಕ್ಷದವರೆಗಿನ ಠೇವಣಿಗೆ ವಿಮೆ ಉಂಟು’ ಅಂತ ಯಾರೂ ಬಾಯಿ ತಪ್ಪಿಯೂ ಹೇಳದಿರಲಿ. 2020ರ ಫೆಬ್ರವರಿಯಲ್ಲಿ 1 ಲಕ್ಷದಿಂದ 5 ಲಕ್ಷಕ್ಕೆ ಏರಿದ ಆ ವಿಮೆ ಇರುವುದು ಬ್ಯಾಂಕುಗಳಿಗೆ. ಸಹಕಾರಿ ಬ್ಯಾಂಕುಗಳೂ ಅದರೊಳಗೆ ಬರುತ್ತವೆ. ಪತ್ತಿನ ಸಹಕಾರಿ ಸಂಘಗಳು ಬರುವುದಿಲ್ಲ. ಗಾಬರಿಯಲ್ಲಿ ಕೌಂಟರಿನವರು ಇಂಥ ಒಂದು ಮಾತು ಹೇಳಿದರೆ, ಮರುದಿನ ಯಾರೋ ಅದು ಸುಳ್ಳು ಅಂತ ತೋರಿಸುತ್ತಾರೆ. ಅಲ್ಲಿಯವರೆಗೆ ನಿಮ್ಮ ಮೇಲಿದ್ದದ್ದು ಬರೀ ವದಂತಿ. ಆಮೇಲೆ ಅದು ನಿಜವಾದ ದೂರು.

ಜನರನ್ನು ಬಿಸಿಲಲ್ಲಿ ನಿಲ್ಲಿಸಬೇಡಿ, ಕುರ್ಚಿ ಹಾಕಿ, ಟೋಕನ್ ಕೊಡಿ. ಅರ್ಧ ಶಟರ್ ಎಳೆಯಲೇಬೇಡಿ. ಆ ಫೋಟೋ ಒಂದು ಗಂಟೆಯಲ್ಲಿ ಕಾರ್ಕಳ, ಕುಂದಾಪುರ ದಾಟಿರುತ್ತದೆ. ಹಣ ತೆಗೆಯುವವರ ಹತ್ತಿರ ‘ನಿಮಗೂ ನಂಬಿಕೆ ಇಲ್ವಾ?’ ಅಂತ ಬೇಸರ ತೋರಿಸುವುದು ಬೇಡ. ನಗುಮುಖದಿಂದ ಎಣಿಸಿ ಕೊಟ್ಟರೆ ಅವರೇ ಹೊರಗೆ ಹೋಗಿ ‘ಕೊಟ್ರು ಮಾರಾಯ್ರೆ’ ಅನ್ನುತ್ತಾರೆ.

ಇಂಥದ್ದು ಬೇರೆ ಕಡೆಯೂ ಆಗಿದೆ. 1973ರ ಡಿಸೆಂಬರ್‌ನಲ್ಲಿ ಜಪಾನಿನ ಟೊಯೊಕಾವಾ ಅನ್ನುವ ಊರಿನ ಒಂದು ಸಹಕಾರಿ ಹಣಕಾಸು ಸಂಸ್ಥೆಗೆ ಜನ ಹೀಗೇ ಮುಗಿಬಿದ್ದರು. ಮೂಲ ಹುಡುಕಿದರೆ, ರೈಲಿನಲ್ಲಿ ಶಾಲಾ ಹುಡುಗಿಯರ ಹರಟೆ! ಅಲ್ಲಿ ಕೆಲಸ ಸಿಕ್ಕಿದ ಹುಡುಗಿಗೆ ಗೆಳತಿ ‘ಅಪಾಯ ಅಲ್ವಾ?’ ಅಂದಿದ್ದಳು. ಅವಳು ಹೇಳಿದ್ದು ಕಳ್ಳರ ಅಪಾಯ. ಬಾಯಿಂದ ಬಾಯಿಗೆ ಹೋಗಿ ಅದು ಸಂಸ್ಥೆಯೇ ಅಪಾಯದಲ್ಲಿದೆ ಅಂತಾಯಿತು. ಕೊನೆಗೆ ಗ್ರಾಹಕರ ಕಣ್ಣಿಗೆ ಬೀಳುವ ಹಾಗೆ ನೋಟಿನ ಕಟ್ಟುಗಳನ್ನು ರಾಶಿ ಹಾಕಿದರು, ಅಲ್ಲಿನ ಕೇಂದ್ರ ಬ್ಯಾಂಕೂ ಧೈರ್ಯ ಹೇಳಿತು. ಆಮೇಲೆ ತಣ್ಣಗಾಯಿತು. ಜನರಿಗೆ ಬೇಕಾದದ್ದು ಕಣ್ಣಿಗೆ ಕಾಣುವ ಪುರಾವೆ.

ಪೊಲೀಸ್ ಕಂಪ್ಲೇಂಟ್ ಖಂಡಿತ ಕೊಡಿ. ಸುಳ್ಳು ಹಬ್ಬಿಸಿದವರನ್ನು ಬಿಡಬಾರದು. ಆದರೆ ಅದು ಒಬ್ಬ ನಿರ್ದೇಶಕರ ಕೆಲಸವಾಗಲಿ. ನೀವು ಕೌಂಟರ್ ಬಿಟ್ಟು ಠಾಣೆಗೆ ಹೋಗಬೇಡಿ.

ಅದೇ ಮ್ಯಾನೇಜರ್: ತುಂಬಾ ಉಪಕಾರ ಮೇಡಂ. ಇನ್ನೊಂದು ವಿಷಯ. ಒಂದು ದೊಡ್ಡ ಸಾಲ ಸುಸ್ತಿಯಾಗಿರುವುದು ನಿಜ. ಅದನ್ನೂ ಹೇಳಬೇಕಾ? ಕೇಳದಿದ್ದರೆ ಸುಮ್ನೆ ಇರಬಹುದಲ್ವಾ?

ಉತ್ತರ: ಹೇಳಬೇಕು ಸರ್. ಮಾರ್ಚ್‌ಗೆ ವರ್ಷ ಮುಗಿದರೆ ಸೆಪ್ಟೆಂಬರ್ ಒಳಗೆ ಮಹಾಸಭೆ ಬರುತ್ತದೆ. ಆಗ ಸದಸ್ಯರು ಲೆಕ್ಕಪತ್ರದಲ್ಲಿ ನೋಡಿಯೇ ನೋಡುತ್ತಾರೆ. ಇವತ್ತು ‘ಎಲ್ಲವೂ ಸರಿಯಾಗಿದೆ’ ಅಂದರೆ ಅವತ್ತು ನಿಮ್ಮ ಬೇರೆ ಯಾವ ಮಾತನ್ನೂ ಅವರು ನಂಬುವುದಿಲ್ಲ.

ಸಾಲಗಾರರ ಹೆಸರು ಹೇಳಬೇಡಿ, ಅದು ಸರಿಯಲ್ಲ. ಹೇಳಬೇಕಾದ್ದು ಇಷ್ಟು: ‘ಒಂದು ದೊಡ್ಡ ಸಾಲ ಸುಸ್ತಿಯಾಗಿದೆ. ಮೊತ್ತ ಇಷ್ಟು, ನಮ್ಮ ಒಟ್ಟು ಸಾಲದಲ್ಲಿ ಅದರ ಪಾಲು ಇಷ್ಟು. ಜಾಗದ ಅಡಮಾನ ಉಂಟು. ವಸೂಲಿಗೆ ದಾವೆ ಹೂಡಿದ್ದೇವೆ. ನಷ್ಟ ಬಂದರೆ ಎದುರಿಸಲು ಲಾಭದಲ್ಲಿ ಇಷ್ಟು ತೆಗೆದಿಟ್ಟಿದ್ದೇವೆ.’ ಇದರಲ್ಲಿ ಯಾವುದು ನಿಜವೋ ಅಷ್ಟು ಮಾತ್ರ. ದಾವೆ ಹೂಡಿರದಿದ್ದರೆ ‘ಹೂಡುತ್ತೇವೆ’ ಅಂತ ತಾರೀಕಿನ ಸಮೇತ ಹೇಳಿ. ಜನ ಕೆಟ್ಟ ಸುದ್ದಿಯನ್ನು ತಡೆದುಕೊಳ್ಳುತ್ತಾರೆ. ಮುಚ್ಚಿಟ್ಟದ್ದನ್ನು ಮನ್ನಿಸುವುದು ಕಷ್ಟ.

ಇನ್ನೊಂದು ಮಾತು ನೇರವಾಗಿ ಹೇಳುತ್ತೇನೆ. ಕೇಳಿದವರಿಗೆ ಕೊಡುವಷ್ಟು ಹಣ ನಿಜವಾಗಿಯೂ ಇಲ್ಲ ಅಂತಾದರೆ, ಮೇಲಿನ ನೋಟಿಸ್ ಹಾಕಲೇಬೇಡಿ. ಅದು ಮಾತಿನಿಂದ ಸರಿಯಾಗುವ ವಿಷಯ ಅಲ್ಲ. ಇವತ್ತೇ ಸಹಕಾರ ಸಂಘಗಳ ಉಪನಿಬಂಧಕರ ಕಚೇರಿಗೆ ಹೋಗಿ. ಅದು ಜೀವಮಾನದ ಉಳಿತಾಯ ಇಟ್ಟವರ ಹಣ.

ಪ್ರಶ್ನೆ (ತಿಂಡಿ ತಯಾರಿಸುವ ಸಣ್ಣ ಘಟಕ, ಮಂಗಳೂರು): ಸುಮ್ಮನಿದ್ದರೆ ಎಲ್ಲ ತಾನಾಗಿ ತಣ್ಣಗಾಗುತ್ತದೆ ಅಂತ ನಮ್ಮ ಯಜಮಾನರು ಹೇಳ್ತಾರೆ. ಹೌದಾ?

ಉತ್ತರ: ಒಬ್ಬರ ಗೊಣಗಾಟ ಆದರೆ ಹೌದು. ಆರೋಗ್ಯದ ವಿಷಯ ಆದರೆ ಖಂಡಿತ ಅಲ್ಲ. 2015ರ ಮ್ಯಾಗಿ ಪ್ರಕರಣ ನೆನಪಿರಬಹುದು. ಸೀಸದ ಅಂಶದ ಸುದ್ದಿ ಹಬ್ಬಿದ ಮೊದಲ ದಿನಗಳಲ್ಲಿ ಕಂಪನಿ ಮಾತಾಡಿದ್ದು ಕಡಿಮೆ. ಜೂನ್‌ನಲ್ಲಿ ಮಾರುಕಟ್ಟೆಯಿಂದ ತೆಗೆಯುವ ಆದೇಶ ಬಂತು. ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟ್ ಆ ಆದೇಶ ರದ್ದು ಮಾಡಿ, ಹೊಸದಾಗಿ ಪರೀಕ್ಷೆ ಮಾಡಿಸಲು ಹೇಳಿತು. ಅಂಗಡಿಗೆ ಅದು ಮರಳಿದ್ದು ನವೆಂಬರ್‌ನಲ್ಲಿ. ಕೋರ್ಟಿನಲ್ಲಿ ಗೆದ್ದವರಿಗೇ ಅಷ್ಟು ತಿಂಗಳ ವ್ಯಾಪಾರ ಹೋಯಿತು. ನಿಮ್ಮ ತಿಂಡಿಯ ಬಗ್ಗೆ ಅಂಥ ದೂರು ಬಂದರೆ ಆ ಬ್ಯಾಚ್ ನಂಬರ್ ಹಾಕಿ, ಅಂಗಡಿಗಳಿಂದ ವಾಪಸ್ ತರಿಸಿ, ಪರೀಕ್ಷೆಗೆ ಕಳಿಸಿದ್ದೇವೆ ಅಂತ ಅದೇ ದಿನ ಹೇಳಿ. ಫಲಿತಾಂಶ ಬಂದ ಮೇಲೆ ಅದನ್ನೂ ಹಾಕಿ.

ಪ್ರಶ್ನೆ (ಕ್ಲಿನಿಕ್ ರಿಸೆಪ್ಷನ್, ಮಂಗಳೂರು): ಗೂಗಲ್‌ನಲ್ಲಿ ಒಬ್ಬರು ಒಂದು ಸ್ಟಾರ್ ಕೊಟ್ಟು, ಎರಡು ಗಂಟೆ ಕಾಯಿಸಿದರು, ಡಾಕ್ಟರ್ ಸರಿಯಾಗಿ ನೋಡಲಿಲ್ಲ ಅಂತ ಬರೆದಿದ್ದಾರೆ. ಅವರು ಅಪಾಯಿಂಟ್‌ಮೆಂಟ್ ಇಲ್ಲದೆ ಬಂದವರು. ಹಾಗಂತ ಉತ್ತರ ಬರೆಯಬಹುದಾ? ಸ್ಟಾಫ್ ಎಲ್ಲ ಐದು ಸ್ಟಾರ್ ಹಾಕಿ ಅಂತಲೂ ನಮ್ಮ ಕ್ಲಿನಿಕ್‌ನವರು ಹೇಳಿದ್ದಾರೆ.

ಉತ್ತರ: ಎರಡೂ ಬೇಡ ಮೇಡಂ. ಅವರು ಯಾವಾಗ ಬಂದರು, ಯಾಕೆ ಬಂದರು ಅಂತ ಬರೆದರೆ ರೋಗಿಯ ಖಾಸಗಿ ವಿಷಯ ಎಲ್ಲರೆದುರು ಬಿಚ್ಚಿಟ್ಟಂತೆ. ಅವರೇ ಮೊದಲು ಬರೆದಿದ್ದರೂ ನಿಮಗೆ ಆ ಅಧಿಕಾರ ಇಲ್ಲ. ಉತ್ತರವನ್ನು ಓದುವವರು ಆ ರೋಗಿ ಒಬ್ಬರೇ ಅಲ್ಲ, ನಾಳೆ ಬರಬೇಕು ಅಂತಿರುವ ನೂರಾರು ಜನ. ‘ತುಂಬಾ ಹೊತ್ತು ಕಾಯಬೇಕಾಗಿ ಬಂದದ್ದಕ್ಕೆ ಬೇಸರವಾಗಿದೆ. ನಿಮ್ಮ ಹತ್ತಿರ ಮಾತಾಡಬೇಕು, ದಯವಿಟ್ಟು ಈ ನಂಬರಿಗೆ ಫೋನ್ ಮಾಡಿ’ – ಇಷ್ಟು ಸಾಕು. ಫೋನ್ ಬಂದರೆ ಮಾತಾಡುವವರು ಯಾರು ಅಂತ ಮೊದಲೇ ಗೊತ್ತಿರಲಿ.

ಸ್ಟಾಫ್ ಹಾಕುವ ಐದು ಸ್ಟಾರ್ ಸುಳ್ಳು ವಿಮರ್ಶೆಯೇ. ಆನ್‌ಲೈನ್ ವಿಮರ್ಶೆಗಳು ಹೇಗಿರಬೇಕು ಅಂತ ಭಾರತೀಯ ಮಾನಕ ಬ್ಯೂರೋ 2022ರಲ್ಲಿ ಐಎಸ್ 19000 ಅನ್ನುವ ಮಾನದಂಡವನ್ನೇ ತಂದಿದೆ. ಮತ್ತೆ, ಎರಡು ಗಂಟೆ ಕಾಯಿಸುವುದು ದಿನಾ ಆಗುತ್ತಾ ನೋಡಿ. ಆಗುತ್ತಿದ್ದರೆ ಸರಿ ಮಾಡಬೇಕಾದ್ದು ಟೋಕನ್ ವ್ಯವಸ್ಥೆ.

ಪ್ರಶ್ನೆ (ಟ್ರಸ್ಟ್ ನಡೆಸುವ ಶಾಲೆಯ ಕಚೇರಿ, ಕುಂದಾಪುರ): ಮುಂದಿನ ವರ್ಷ ನಮ್ಮ ಶಾಲೆ ಇನ್ನೊಂದು ಟ್ರಸ್ಟ್ ಜೊತೆ ಸೇರುತ್ತದೆ, ಹೆಸರೂ ಬದಲಾಗುತ್ತದೆ. ಆಡಳಿತದವರು ದೊಡ್ಡ ಸಮಾರಂಭ ಮಾಡಿ ಘೋಷಿಸೋಣ ಅಂತಾರೆ. ಅಲ್ಲಿಯವರೆಗೆ ಗುಟ್ಟು.

ಉತ್ತರ: ಗುಟ್ಟು ಉಳಿಯುವುದಿಲ್ಲ. ಶಾಲಾ ವ್ಯಾನಿನ ಡ್ರೈವರಿಗೆ ಆಗಲೇ ಗೊತ್ತಿರುತ್ತದೆ. ಸಮಾರಂಭ ಆಗಲಿ, ಆದರೆ ಅದಕ್ಕೂ ಮೊದಲು ಶಿಕ್ಷಕರನ್ನು ಕೂರಿಸಿ ಹೇಳಿ, ಅದೇ ವಾರ ಹೆತ್ತವರಿಗೆ ಪತ್ರ ಕಳಿಸಿ. ಶಿಕ್ಷಕರಿಗೆ ತಮ್ಮ ಕೆಲಸದ ಚಿಂತೆ ಇದ್ದರೆ ಗೇಟಿನಲ್ಲಿ ಹೆತ್ತವರ ಹತ್ತಿರ ಏನು ಮಾತಾಡಿಯಾರು?

ನಮ್ಮ ಜಿಲ್ಲೆಗಳವರಿಗೆ ಹೆಸರು ಹೋಗುವ ನೋವು ಹೊಸದಲ್ಲ. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದೊಳಗೆ ಹೋಯಿತು. ಮರುವರ್ಷ ಅದೇ ದಿನ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ, ಸಿಂಡಿಕೇಟ್ ಕೆನರಾಕ್ಕೆ ಸೇರಿದವು. ಹಿರಿಯರು ಇನ್ನೂ ‘ಸಿಂಡಿಕೇಟಿಗೆ ಹೋಗಿ ಬರ್ತೇನೆ’ ಅನ್ನುತ್ತಾರೆ. ಆ ಅಭಿಮಾನಕ್ಕೆ ಗೌರವ ಕೊಡಿ, ಹಳೆಯ ಹೆಸರನ್ನು ಸ್ವಲ್ಪ ಕಾಲ ಬೋರ್ಡಿನಲ್ಲಿ ಸಣ್ಣದಾಗಿ ಉಳಿಸಿ.

ಆದರೆ ಆಗ ಕೌಂಟರಿನಲ್ಲಿ ಜನ ಕೇಳಿದ್ದು ಹೊಸ ಲೋಗೊ ಬಗ್ಗೆ ಅಲ್ಲ. ನನ್ನ ಪಾಸ್‌ಬುಕ್ ನಡೆಯುತ್ತದಾ, ಪಿಂಚಣಿ ಎಲ್ಲಿ ಬರುತ್ತದೆ ಅಂತ. ಸಿಂಡಿಕೇಟಿನ ಹಳೆಯ ಐಎಫ್‌ಎಸ್‌ಸಿ ಕೋಡ್ 2021ರ ಜುಲೈ 1ರಿಂದ ನಿಂತಿತು. ಎಷ್ಟೋ ಮನೆಗಳಲ್ಲಿ ಮುಖ್ಯವಾದ ಸುದ್ದಿ ಅದೇ. ನಿಮ್ಮ ಪತ್ರದಲ್ಲೂ ಹಾಗೇ, ದೂರದೃಷ್ಟಿಯ ಮಾತು ಕೊನೆಗಿರಲಿ. ಫೀಸ್ ಹೆಚ್ಚಾಗುತ್ತದಾ, ಯೂನಿಫಾರ್ಮ್ ಬದಲಾಗುತ್ತದಾ, ಬಸ್ಸು ಇದೇ ದಾರಿಯಲ್ಲಿ ಬರುತ್ತದಾ, ಹತ್ತನೇ ಕ್ಲಾಸಿನವರ ಮಾರ್ಕ್ಸ್ ಕಾರ್ಡಿನಲ್ಲಿ ಯಾವ ಹೆಸರು ಇರುತ್ತದೆ, ಇದೆಲ್ಲ ಮೊದಲು ಬರೆಯಿರಿ. ಇನ್ನೂ ತೀರ್ಮಾನ ಆಗದ್ದಕ್ಕೆ ‘ಈ ತಾರೀಕಿಗೆ ತಿಳಿಸುತ್ತೇವೆ’ ಅಂತ ಹಾಕಿ. ಕರಡು ತಯಾರಾದ ಮೇಲೆ ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.